ಹರವಿಗೆ ಕೊಟ್ಟ ಬೆಂಕಿ

ಮಣ್ಣು ಸುಳ್ಳು ಹೇಳುವುದಿಲ್ಲ ಎಂಬ ಮಾತನ್ನು ಮೊದಲು ಆಡಿದವರು ನಾವೇ, ಪ್ರಯೋಗಾಲಯದವರು. ಯಾವುದೋ ಸಮ್ಮೇಳನದಲ್ಲಿ ಚಪ್ಪಾಳೆಗೆಂದು ಆಡಿದ ಮಾತು. ಅದನ್ನು ಎತ್ತಿಕೊಂಡು ಹೋಗಿ ಕಾಯ್ದೆ ಮಾಡಿದವರಿಗೆ ಮಣ್ಣು ಗೊತ್ತಿರಲಿಲ್ಲ, ಸುಳ್ಳು ಮಾತ್ರ ಚೆನ್ನಾಗಿ ಗೊತ್ತಿತ್ತು.

ಕಾಲವೂ ಹಾಗೇ ಬಂದಿತ್ತು ಅನ್ನಿ. ಭೂಮಿಯ ಕಾಂತಬಲ ನನ್ನ ಮುತ್ತಜ್ಜಿಯ ಕಾಲಕ್ಕೂ ಬಹಳ ಹಿಂದಿನಿಂದಲೇ ಇಳಿಯುತ್ತಾ ಬಂದಿತ್ತು. ಸೂರ್ಯನ ಕಡೆಯಿಂದ ಬೀಸುವ ಬಿರುಗಾಳಿಗೆ ಅದು ನಮ್ಮ ಕೊಡೆ. ಕೊಡೆ ತೆಳುವಾದ ಮೇಲೆ ಒಂದು ಬೇಸಿಗೆಯಲ್ಲಿ ಸೂರ್ಯ ಜೋರಾಗಿ ಒಮ್ಮೆ ಸೀನಿದ. ಟ್ರಾನ್ಸ್‌ಫಾರ್ಮರುಗಳು ಸುಟ್ಟವು, ಜಮೀನಿನ ದಾಖಲೆ ಇಟ್ಟಿದ್ದ ಕಂಪ್ಯೂಟರುಗಳು ಸುಟ್ಟವು, ಅವುಗಳ ನಕಲು ಇಟ್ಟಿದ್ದ ಕಂಪ್ಯೂಟರುಗಳೂ ಸುಟ್ಟವು. ಕಾಗದದ ಪಹಣಿಗಳನ್ನು ಅದಕ್ಕೂ ಮೊದಲೇ ಗೆದ್ದಲಿಗೆ ಒಪ್ಪಿಸಿ ಆಗಿತ್ತು. ಆಮೇಲೆ ಶುರುವಾಯಿತು ನೋಡಿ ಹಳೆಯ ಕಾಗದಗಳ ಸುಗ್ಗಿ. ಒಂದೇ ಹೊಲಕ್ಕೆ ಏಳೆಂಟು ಜನ ಹಕ್ಕುದಾರರು, ಎಲ್ಲರ ಕೈಯಲ್ಲೂ ಹಳದಿ ಕಾಗದ, ಎಲ್ಲ ಕಾಗದಕ್ಕೂ ಚಹಾದ ಬಣ್ಣ.

ಆಗ ಯಾರಿಗೋ ನಮ್ಮ ಮಾತು ನೆನಪಾಯಿತು. ಜೇಡಿಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳಿರುತ್ತವೆ. ಮಡಕೆ ಕುಂಬಾರನ ಆವಿಗೆಯಲ್ಲಿ ಕೆಂಪಗೆ ಕಾಯ್ದಾಗ ಆ ಕಣಗಳು ಹಿಂದಿನದನ್ನೆಲ್ಲ ಮರೆಯುತ್ತವೆ. ಆರುವಾಗ ಆ ಹೊತ್ತಿನಲ್ಲಿ ಭೂಮಿಯ ಕಾಂತಬಲ ಎಷ್ಟಿತ್ತೋ ಅದಕ್ಕೆ ತಕ್ಕ ಗುರುತನ್ನು ಹಿಡಿದುಕೊಂಡು ಗಟ್ಟಿಯಾಗಿಬಿಡುತ್ತವೆ. ಬಲ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದಿರುವುದರಿಂದ, ಮಡಕೆ ಹಿಡಿದುಕೊಂಡ ಬಲವನ್ನು ಅಳೆದರೆ ಅದು ಬೆಂದ ವರ್ಷ ತಿಳಿಯುತ್ತದೆ. ಹಾಗಾಗಿ ಮಣ್ಣಿನ ಸಾಕ್ಷಿ ಕಾಯ್ದೆ ಬಂತು. ಯಾರ ಮನೆಯ ಮಡಕೆ ಆ ನೆಲದ ಮಣ್ಣಿನದೂ ನೂರು ವರ್ಷಕ್ಕಿಂತ ಹಳೆಯದೂ ಆಗಿರುತ್ತದೋ, ನೆಲ ಅವರದು.

ಮಡಕೆಯಿಂದ ಬಲ ಕಕ್ಕಿಸುವ ಕೆಲಸ ನನ್ನದು. ರಾಯಚೂರಿನ ನಮ್ಮ ಭೂಕಾಂತ ಪ್ರಯೋಗಾಲಯದಲ್ಲಿ, ಹೊರಗಿನ ಕಾಂತಬಲ ಒಳಗೆ ಬರದಂತೆ ಗೋಡೆ ಕಟ್ಟಿದ ಕೋಣೆಯಲ್ಲಿ, ಉಗುರಿನಷ್ಟು ಚೂರನ್ನು ಕುಲುಮೆಯಲ್ಲಿಟ್ಟು ನೂರು ಡಿಗ್ರಿಗೆ ಕಾಯಿಸುತ್ತೇನೆ. ಅಷ್ಟಕ್ಕೆ ಎಷ್ಟು ಹಳೆಯ ನೆನಪು ಹೋಯಿತು ಎಂದು ನೋಡುತ್ತೇನೆ. ಮತ್ತೆ ಅಷ್ಟೇ ಕಾಯಿಸಿ, ನನಗೆ ಗೊತ್ತಿರುವ ಬಲದಲ್ಲಿ ಆರಿಸಿ, ಎಷ್ಟು ಹೊಸ ನೆನಪು ಬಂತು ಎಂದು ನೋಡುತ್ತೇನೆ. ಆಮೇಲೆ ನೂರೈವತ್ತು, ಇನ್ನೂರು, ಹೀಗೆ ಆರುನೂರರವರೆಗೆ. ಹೋದದ್ದನ್ನೂ ಬಂದದ್ದನ್ನೂ ಎದುರುಬದುರು ಗುರುತು ಹಾಕಿದರೆ ಒಂದು ಗೆರೆ ಮೂಡುತ್ತದೆ. ಮಡಕೆ ಒಂದೇ ಸಲ ಬೆಂಕಿ ಕಂಡಿದ್ದರೆ ಗೆರೆ ನೇರ. ಮತ್ತೆ ಮತ್ತೆ ಕಂಡಿದ್ದರೆ ಸೊಟ್ಟ. ಸೊಟ್ಟ ಗೆರೆಯನ್ನು ನಾವು ತಿಪ್ಪೆಗೆ ಹಾಕುತ್ತಿದ್ದೆವು. ಭೂಮಿಯ ಚರಿತ್ರೆ ಬರೆಯುವವರಿಗೆ ಚೂರುಗಳಿಗೇನು ಬರ, ಒಂದು ಹೋದರೆ ಇನ್ನೊಂದು. ಕಾಯ್ದೆ ಬರೆದವರು ಅದನ್ನೂ ಇದ್ದಹಾಗೇ ಎತ್ತಿಕೊಂಡರು. ಗೆರೆ ನೇರವಿರತಕ್ಕದ್ದು ಎಂದು ಬರೆದುಬಿಟ್ಟರು. ನಾವು ಕಲ್ಲು ಆರಿಸಲು ಇಟ್ಟುಕೊಂಡಿದ್ದ ಜರಡಿಯಲ್ಲಿ ಮನುಷ್ಯರನ್ನು ಹಾಕಿ ಅಲ್ಲಾಡಿಸತೊಡಗಿದರು.

ಊರಿಗೆ ಊರೇ ಬದಲಾಯಿತು. ಅಟ್ಟದ ಮೇಲಿನ ಮಡಕೆ ಕಪಾಟು ಸೇರಿತು. ಹೆಣ್ಣು ಕೊಡುವವರು ಹುಡುಗನ ಕೆಲಸ ಕೇಳುವ ಮೊದಲು ಮನೆಯ ಮಡಕೆ ಎಷ್ಟು ಹಳೆಯದು ಎಂದು ಕೇಳತೊಡಗಿದರು. ನನ್ನ ಗಂಡನೂ ಒಂದು ದಿನ ಅತ್ತೆಯ ರೊಟ್ಟಿ ಹಂಚನ್ನು ಹಳೆಯ ಸೀರೆಯಲ್ಲಿ ಸುತ್ತಿಡಲು ಹೋಗಿ ಬೈಸಿಕೊಂಡರು. ಅದು ಮಣ್ಣಿನ ಹಂಚು, ಅತ್ತೆಯ ಅತ್ತೆ ಕೊಟ್ಟದ್ದು.

"ಇದರ ವಯಸ್ಸೆಷ್ಟು, ಅಳದು ಹೇಳು ನೋಡೂಣು," ಅಂದರು ಅತ್ತೆ ನನಗೆ, ಹಿಟ್ಟಿನ ಕೈಯಲ್ಲೇ.

"ದಿನಾ ಒಲಿ ಮ್ಯಾಲ ಕೂಡೂದಲ್ಲೇನ್ರಿ ಅದು. ಗೆರಿ ಸೊಟ್ಟ ಬರತದ. ನಡಿಯೂದಿಲ್ಲ."

"ಅಂದ್ರ ರೊಟ್ಟಿ ಬಡದು ತಿನ್ನೋರದು ನಡಿಯೂದಿಲ್ಲ, ಕಪಾಟಿನಾಗ ಇಟ್ಟೋರದು ನಡೀತದ. ಭಾಳ ಶಾಣ್ಯಾ ಇದ್ದೀರಿ ಬಿಡು."

ನಾನು ನಕ್ಕೆ. ಆಗಿನ್ನೂ ನಗಬಹುದಿತ್ತು.

ಹೊನ್ನಗಡ್ಡೆ ಕೃಷ್ಣೆಯ ನಡುವಿನ ಒಂದು ನಡುಗಡ್ಡೆ. ಇಪ್ಪತ್ತು ಮೂವತ್ತು ಅಂಬಿಗರ ಮನೆಗಳು, ಮಣ್ಣಿನ ಗೋಡೆ, ಜೋಳದ ದಂಟಿನ ಚಾವಣಿ. ಅದರ ಮೇಲೆ ಎರಡು ಅರ್ಜಿ ಬಂದಿದ್ದವು. ಒಂದು ಅಲ್ಲಿ ಇರುವವರದು. ಇನ್ನೊಂದು ದಂಡೆಯ ಮೇಲಿನ ಊರಿನ ಹೋಟೆಲ್ ಮಾಲೀಕರಾದ ಸಂಗನಬಸಪ್ಪ ಅಂಗಡಿ ಎಂಬವರದು. ಅವರಿಗೆ ಅಲ್ಲಿ ಪ್ರವಾಸಿಗರಿಗೆಂದು ಕುಟೀರಗಳನ್ನು ಕಟ್ಟುವ ಆಸೆ.

ಸ್ಥಳ ನೋಡಿ ಬರಲು ನನ್ನನ್ನು ಕಳಿಸಿದರು. ಹರಗೋಲು ಹಾಕಿ ದಾಟಿಸಿದವನು ದ್ಯಾವಣ್ಣ. ನಡುಹೊಳೆಯಲ್ಲಿ ಹುಟ್ಟು ನಿಲ್ಲಿಸಿ, "ಮೇಡಂ, ಒಂದs ಮಡಕಿ ಸಾಕಲ್ರಿ ಇಡೀ ಗಡ್ಡಿಗೆ?" ಎಂದು ಕೇಳಿದ. ಸಾಕು ಎಂದೆ. ಒಂದೇ ಮೂಲದ ಜನ ಎಂದು ಒಪ್ಪಿಕೊಂಡರೆ ಒಂದು ಮಡಕೆ ಎಲ್ಲರಿಗೂ ಸಾಕ್ಷಿ. ಅವನು ಹುಟ್ಟು ಮತ್ತೆ ಹಾಕಿದ. ಅವನ ಮನೆಗೆ ಹೋದ ಮೇಲೆ ತಿಳಿಯಿತು, ಇಡೀ ಗಡ್ಡೆಯಲ್ಲಿ ಹಳೆಯದೆಂದು ಇದ್ದದ್ದೇ ಒಂದು.

ಮೂಲೆಯಲ್ಲಿ ನನ್ನ ಎದೆಮಟ್ಟದ ಹರವಿ ಕೂತಿತ್ತು. ಕಾಳು ತುಂಬುವ ದೊಡ್ಡ ಮಣ್ಣಿನ ಪಾತ್ರೆ. ಅದರ ಕೊರಳ ಸುತ್ತ ಕುಂಬಾರ ಹೆಬ್ಬೆರಳು ಒತ್ತಿ ಒತ್ತಿ ಮಾಲೆಯಂತೆ ಗುರುತು ಮಾಡಿದ್ದ. ಪ್ರತಿ ಗುರುತಿನಲ್ಲೂ ಒಂದು ಅಡ್ಡ ಗೀರು, ಅವನ ಬೆರಳಿಗೆ ಹಳೆಯ ಗಾಯವಿದ್ದಿರಬೇಕು. ದ್ಯಾವಣ್ಣನ ತಾಯಿ ಹುಲಿಗೆಮ್ಮ ಹರವಿಗೆ ಬೆನ್ನು ಕೊಟ್ಟು ಕೂತಿದ್ದಳು. ತೀರ ಹಣ್ಣಾದ ಜೀವ. ಅವಳ ಸೊಸೆ ಯಂಕಮ್ಮ ನನಗೆ ನೀರು ಕೊಟ್ಟು ಎದುರಿಗೆ ಕೂತಳು.

"ಹೊಳಿ ಬಂದಾಗೊಮ್ಮೆ ಎಲ್ಲಾ ಹೋಗ್ತಾವ್ರಿ," ಎಂದಳು ಯಂಕಮ್ಮ. "ಗ್ವಾಡಿ, ಒಲಿ, ಗಡಗಿ. ಹೊಸದಾಗಿ ಮಾಡ್ಕೋತೀವಿ. ಹರಗೋಲಿನಾಗ ಮೊದಲ ಹರವಿ ಇಡಬೇಕು, ಆಮ್ಯಾಲ ಮುದುಕರು, ಕಡೀಗೆ ನಾವು."

"ನನ್ನ ಎರಡನೇ ನಂಬರು ಮಾಡ್ಯಾರವ್ವಾ," ಎಂದಳು ಹುಲಿಗೆಮ್ಮ, ಹಲ್ಲಿಲ್ಲದ ಬಾಯಲ್ಲಿ ನಗುತ್ತ.

ಹರವಿಗಳು ಎರಡಿದ್ದವಂತೆ, ಒಂದೇ ಕೈಯಲ್ಲಿ ಒಂದೇ ಆವಿಗೆಯಲ್ಲಿ ಬೆಂದವು. ಇದು ಉಣ್ಣುವ ಕಾಳಿನದು, ಮನೆಯಲ್ಲಿರುತ್ತದೆ. ಇನ್ನೊಂದು ಬಿತ್ತುವ ಕಾಳಿನದು, ಗಂಗಮ್ಮನ ಗುಡಿಯಲ್ಲಿತ್ತು. ಪೇಟೆಯಿಂದ ಪೊಟ್ಟಣದ ಬೀಜ ಬರತೊಡಗಿದ ಮೇಲೆ ಅದು ಖಾಲಿ ಕೂತಿತ್ತು. ಆ ಸಂಗನಬಸಪ್ಪ ಅಂಗಡಿಯವರು ಒಮ್ಮೆ ಬಂದವರು ಅದನ್ನು ನೋಡಿ ಬಹಳ ಹೊಗಳಿ, ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಕೊಟ್ಟು ಹರವಿಯನ್ನು ತೆಗೆದುಕೊಂಡು ಹೋದರಂತೆ. ಡ್ರಮ್ಮು ಬಾಗಿಲ ಹತ್ತಿರವೇ ಇತ್ತು. ಅದರ ತುಂಬ ನೀರಿತ್ತು.

ಅಧಿಕೃತ ತಂಡ ಬಂದು ಚೂರು ತೆಗೆಯುವ ತನಕ ಹರವಿಗೆ ಬೆಂಕಿ ಸೋಕಬಾರದು ಎಂದು ಹೇಳಿದೆ. ಕಾಳಿನ ಹರವಿಯನ್ನು ಒಲೆಯ ಮೇಲೆ ಯಾರು ಇಡುತ್ತಾರೆ ಎಂದು ಅತ್ತೆ ಸೊಸೆ ಇಬ್ಬರೂ ನಕ್ಕರು. ಯಂಕಮ್ಮ ನಗು ನಿಲ್ಲಿಸಿ ಏನೋ ಹೇಳಲು ಬಾಯಿ ತೆರೆದು, ಅತ್ತೆಯ ಮುಖ ನೋಡಿ ಸುಮ್ಮನಾದಳು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ವಾಪಸು ಬಂದು ನಮ್ಮ ನಿರ್ದೇಶಕ ಶೇಷಗಿರಿಯವರಿಗೆ, ನಾಳೆಯೇ ಹೋಗಿ ಚೂರು ತೆಗೆದುಬಿಡೋಣ ಸಾರ್ ಎಂದೆ. "ವಿನುತಾ, ಸರದಿ ಅಂತ ಒಂದಿರುತ್ತೆ," ಎಂದರು. ಅವರು ಕೆಟ್ಟವರಲ್ಲ. ಯಾವ ಕೆಲಸವನ್ನೂ ಅದರ ದಿನಕ್ಕಿಂತ ಮೊದಲು ಮಾಡಿದವರಲ್ಲ, ಅಷ್ಟೇ.

ಸರದಿಯಲ್ಲಿ ಅಂಗಡಿಯವರ ಹರವಿ ಮೊದಲು ಬಂತು. ಅವರ ಹೋಟೆಲಿನ ಪಡಸಾಲೆಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ, ತಣ್ಣನೆಯ ಗಾಳಿಯಲ್ಲಿ ನಿಂತಿತ್ತು. ಕೊರಳ ಸುತ್ತ ಅದೇ ಹೆಬ್ಬೆರಳು, ಅದೇ ಅಡ್ಡ ಗೀರು. ಚೂರು ತೆಗೆಯುವಾಗ ಅವರು ಪಕ್ಕದಲ್ಲೇ ನಿಂತು, ನೋವಾಗುತ್ತಿರುವುದು ತಮಗೇ ಎಂಬಂತೆ ಮುಖ ಮಾಡಿದರು.

"ನಮ್ಮ ಮಂದಿಗೆ ಪರಂಪರೆಯ ಬೆಲೆ ಗೊತ್ತಿಲ್ಲ ಮೇಡಂ. ನಾನು ಉಳಿಸದಿದ್ದರೆ ಇದು ಇಷ್ಟೊತ್ತಿಗೆ ಹೊಳೆಪಾಲು."

ಅವರು ಅದನ್ನು ನಂಬಿದ್ದರು. ಅದೇ ನನಗೆ ಸಿಟ್ಟು ತರಿಸಿದ್ದು. ಕಳ್ಳ ತಾನು ಕಳ್ಳ ಎಂದು ಒಳಗೊಳಗಾದರೂ ಅಂದುಕೊಂಡರೆ ಒಂದು ಸಮಾಧಾನವಿರುತ್ತದೆ.

ಚೂರು ಕುಲುಮೆಗೆ ಹೋಯಿತು. ಬೀಜದ ಹರವಿ ಅದು, ಬೀಜಕ್ಕೆ ಕಾವು ತಗಲಿದರೆ ಮೊಳಕೆ ಸಾಯುತ್ತದೆ, ಆವಿಗೆ ಬಿಟ್ಟ ಮೇಲೆ ಬೆಂಕಿಯನ್ನೇ ಕಂಡಿರಲಿಲ್ಲ. ಗೆರೆ ದಾರ ಹಿಡಿದು ಎಳೆದಂತೆ ನೇರ ಬಂತು. ಇನ್ನೂರೈವತ್ತು ವರ್ಷಕ್ಕೂ ಹಿಂದಿನ ಬಲ. ಮಣ್ಣು ಹೊನ್ನಗಡ್ಡೆಯದೇ ಎಂದು ಪಕ್ಕದ ವಿಭಾಗದವರು ಬರೆದುಕೊಟ್ಟರು. ಅಷ್ಟು ಸುಂದರವಾದ ಗೆರೆಯನ್ನು ನಾನು ನೋಡಿಯೇ ಇರಲಿಲ್ಲ, ಬೇರೆ ದಿನವಾಗಿದ್ದರೆ ಗೋಡೆಗೆ ಅಂಟಿಸುತ್ತಿದ್ದೆ.

ಪರವಾಗಿಲ್ಲ, ಅದರ ಜೋಡಿ ಹರವಿ ಗಡ್ಡೆಯಲ್ಲಿದೆ, ಅದೂ ಅಷ್ಟೇ ಹಳೆಯದು ಎಂದು ನನಗೆ ನಾನೇ ಹೇಳಿಕೊಂಡೆ.

ನಮ್ಮ ತಂಡ ಹೊನ್ನಗಡ್ಡೆಗೆ ಹೋಗುವ ಹೊತ್ತಿಗೆ ಹುಲಿಗೆಮ್ಮ ತೀರಿಕೊಂಡಿದ್ದಳು. ಹರಗೋಲಿನಲ್ಲಿ ದ್ಯಾವಣ್ಣ ತಲೆ ಬೋಳಿಸಿಕೊಂಡು ಕೂತಿದ್ದ. ಈ ಸಲ ನಡುಹೊಳೆಯಲ್ಲಿ ಹುಟ್ಟು ನಿಲ್ಲಿಸಲಿಲ್ಲ. ಮನೆಯ ಹಿಂದೆ ಒಂದು ಗುಂಡಿ, ಗುಂಡಿಯಲ್ಲಿ ಬೂದಿ, ಪಕ್ಕದಲ್ಲಿ ಅಡ್ಡ ಮಲಗಿದ ಹರವಿ. ಅದರ ಒಳಮೈ ಕಪ್ಪಾಗಿತ್ತು. ನಾನು ಬಗ್ಗಿ ಬೂದಿಯನ್ನು ಮುಟ್ಟಿ ನೋಡಿದೆ.

ಆ ಗಡ್ಡೆಯ ಪದ್ಧತಿ ಆಗ ನನಗೆ ತಿಳಿಯಿತು. ಮನೆಯಲ್ಲಿ ಸಾವಾದರೆ ಮಡಕೆಗಳಿಗೂ ಸೂತಕ. ಸಣ್ಣ ಗಡಿಗೆಗಳನ್ನು ಒಡೆದು ಹೊಳೆಗೆ ಹಾಕುತ್ತಾರೆ. ಹರವಿಯನ್ನು ಒಡೆಯಲಾಗುವುದಿಲ್ಲ. ಅದನ್ನು ಗುಂಡಿಯಲ್ಲಿ ಅಡ್ಡ ಮಲಗಿಸಿ, ಒಳಗೂ ಹೊರಗೂ ಸಗಣಿಯ ಕುಳ್ಳು ಒಟ್ಟಿ ಬೆಂಕಿ ಕೊಡುತ್ತಾರೆ. ಬೆಂಕಿ ಆರಿದ ಮೇಲೆ ಹರವಿ ಶುದ್ಧ. ಸತ್ತವರು ಆಗ ಮನೆ ಬಿಟ್ಟು ಹೋಗುತ್ತಾರೆ. ಕೊಡದಿದ್ದರೆ ಹೋಗಲಾರದೆ ಬಾಗಿಲ ಹೊರಗೇ ನಿಂತಿರುತ್ತಾರೆ.

"ನಾ ಹೇಳಿದ್ದೆನಲ್ಲ ಯಂಕಮ್ಮ," ಎಂದೆ. ನನ್ನ ದನಿ ಗಡುಸಾಗಿಯೇ ಇತ್ತು.

"ಹೇಳಿದ್ರಿ. ನೆನಪಿತ್ರಿ," ಎಂದಳು. "ಅವತ್ತ ನಿಮ್ಮ ಮುಂದ ಕೇಳಬೇಕಂದ್ನಿ, ಸಾವಾದ್ರ ಏನ್ ಮಾಡೋದು ಅಂತ. ಅತ್ತಿ ಎದುರಿಗೇ ಕುಂತಿದ್ರು, ಹ್ಯಾಂಗ ಕೇಳ್ಲಿ? ಆಕಿ ಹೋದ ಮ್ಯಾಲ ದಿನಾ ಅನಸ್ತಿತ್ತು, ಬೆಂಕಿ ಕೊಡೋತನಕ ಆಕಿ ಬಾಗಲಾಗ ನಿಂತಿರ್ತಾಳ ಅಂತ. ಮಳ್ಯಾಗ, ಬಿಸಲಾಗ. ನನ್ನ ಕೈಲಿ ಆಗ್ಲಿಲ್ರಿ." ಹರವಿಯ ಅಂಚು ಸವರಿ, "ಸಣ್ಣ ಬೆಂಕೀನs ಕೊಟ್ಟೀನ್ರಿ. ನಿಮ್ಮ ಸಲುವಾಗಿ," ಎಂದಳು.

ನಿಮ್ಮ ಸಲುವಾಗಿ ಎಂದ ಮೇಲೆ ಬಯ್ಯುವುದು ಏನಿದೆ. ಬಾಯಿಯ ಅಂಚಿನಿಂದ ಚೂರು ತೆಗೆದುಕೊಂಡೆವು. ಅಂಚಿಗೆ ಕಾವು ಕಡಿಮೆ ತಗಲಿರುತ್ತದೆ ಎಂಬ ಆಸೆ ನನ್ನದು.

ಆ ಚೂರನ್ನು ಅಳೆಯಲು ವಾರವೇ ಹಿಡಿಯಿತು. ಇನ್ನೂರು ಡಿಗ್ರಿಯ ತನಕ ಗೆರೆ ಒಂದು ದಿಕ್ಕಿಗೆ ಹೋಯಿತು. ಈಗಿನ ಬಲ. ಅದು ಹುಲಿಗೆಮ್ಮನ ಬೆಂಕಿ. ಅಲ್ಲಿಂದ ಗೆರೆ ಬಾಗಿತು. ಎಲ್ಲ ಮುಗಿಯಿತು ಎಂದುಕೊಂಡು ಕುಲುಮೆಯನ್ನು ಏರಿಸಿದೆ. ಮುನ್ನೂರೈವತ್ತರ ತನಕ ಇನ್ನೊಂದು ದಿಕ್ಕು, ಇನ್ನೊಂದು ಬಲ, ಸುಮಾರು ಹದಿನೈದು ವರ್ಷ ಹಿಂದಿನದು. ಮತ್ತೆ ಬಾಗಿತು. ನಾಲ್ಕುನೂರ ಮೂವತ್ತರ ತನಕ ಮತ್ತೊಂದು. ಐನೂರ ಇಪ್ಪತ್ತರ ತನಕ ಮಗದೊಂದು. ಆಮೇಲೆ ಆರುನೂರರ ತನಕ ನೆಟ್ಟಗೆ, ಇನ್ನೂರೈವತ್ತು ವರ್ಷಕ್ಕೂ ಹಿಂದಿನದು, ಅಂಗಡಿಯವರ ಹರವಿಯದೇ ಬಲ, ಕುಂಬಾರ ಆವಿಗೆಯಿಂದ ಇಳಿಸಿದ ದಿನದ್ದು.

ಲೆಕ್ಕವನ್ನು ಮೊದಲಿನಿಂದ ಇನ್ನೊಮ್ಮೆ ಹಾಕಿದೆ, ಅದೇ ಬಂತು. ಬೆಂಕಿ ಎಷ್ಟು ಕಾವಿನದೋ ಅಷ್ಟರ ಮಟ್ಟಿಗಿನ ನೆನಪನ್ನಷ್ಟೇ ಅಳಿಸುತ್ತದೆ. ಅದಕ್ಕಿಂತ ಹೆಚ್ಚಿನ ಕಾವಿನದು ಉಳಿಯುತ್ತದೆ. ಹಿಂದೆ ಗಡ್ಡೆಯ ತುಂಬ ದನಗಳಿದ್ದವು, ಕುಳ್ಳಿಗೆ ಕೊರತೆಯಿರಲಿಲ್ಲ, ಬೆಂಕಿ ದೊಡ್ಡದಿತ್ತು. ಬರಬರುತ್ತ ದನ ಕಡಿಮೆಯಾದವು, ಬೆಂಕಿ ಸಣ್ಣದಾಯಿತು. ಹಾಗಾಗಿ ಒಂದರ ಕೆಳಗೊಂದು ಸಾವುಗಳು ಹರವಿಯಲ್ಲಿ ಉಳಿದುಬಿಟ್ಟಿದ್ದವು. ಫೋನು ಮಾಡಿ, ಲೆಕ್ಕದಲ್ಲಿ ಬಂದ ವರ್ಷಗಳನ್ನು ಹೇಳದೆ, ನಿಮ್ಮ ಮನೆಯಲ್ಲಿ ಯಾರು ಯಾವಾಗ ಸತ್ತರು ಎಂದು ಯಂಕಮ್ಮನನ್ನು ಕೇಳಿದೆ. ಮಾವ ಸತ್ತದ್ದು ಅವಳ ಮಗಳು ಮೈನೆರೆದ ವರ್ಷ. ಅದು ನನ್ನ ಲೆಕ್ಕಕ್ಕೆ ಕೂಡಿತು. ಹುಲಿಗೆಮ್ಮನ ಅತ್ತೆ ಸತ್ತದ್ದು ಗುಡಿಯ ಮೆಟ್ಟಿಲ ತನಕ ಹೊಳೆ ಬಂದ ವರ್ಷ. ಅದೂ ಕೂಡಿತು. ಅದಕ್ಕೂ ಹಿಂದೆ ಪ್ಲೇಗಿನ ವರ್ಷ, ಒಂದೇ ಮನೆಯಲ್ಲಿ ನಾಲ್ಕು ಹೆಣ, ಅಷ್ಟು ದೊಡ್ಡ ಬೆಂಕಿಯನ್ನು ಮತ್ತೆ ಯಾರೂ ಕೊಟ್ಟಿಲ್ಲ ಎಂದು ಹುಲಿಗೆಮ್ಮ ಹೇಳುತ್ತಿದ್ದಳಂತೆ. ಕೂಡಿತು. ನಡುವೆ ಸತ್ತವರೂ ಇದ್ದರು, ಆದರೆ ಅವರ ಸಣ್ಣ ಬೆಂಕಿಗಳನ್ನು ಆಮೇಲಿನ ದೊಡ್ಡ ಬೆಂಕಿಗಳು ಅಳಿಸಿದ್ದವು.

ಇಂಥ ಸಾಕ್ಷಿ ಜಗತ್ತಿನಲ್ಲಿ ಯಾವ ಮಡಕೆಯೂ ಕೊಟ್ಟಿರಲಿಲ್ಲ. ಗಾಜಿನ ಪೆಟ್ಟಿಗೆಯ ಹರವಿ ತಾನು ಹುಟ್ಟಿದ ದಿನವನ್ನಷ್ಟೇ ಹೇಳುತ್ತದೆ. ಇದು ತನ್ನ ಸುತ್ತ ಬದುಕಿ ಸತ್ತವರನ್ನೆಲ್ಲ ಹೇಳುತ್ತಿತ್ತು. ಮನೆಗೆ ಬಂದು ಅತ್ತೆಯ ಕೈಯಿಂದ ಬಿಸಿ ರೊಟ್ಟಿ ಇಸಿದುಕೊಂಡು, "ರೊಟ್ಟಿ ಬಡದು ತಿನ್ನೋರದು ನಡಿಯೂದಿಲ್ಲ ಅಂದಿದ್ರಲ್ಲ, ಆ ಮಾತು ಸುಳ್ಳು ಮಾಡತೀನಿ ನೋಡ್ರಿ ಅತ್ತಿ," ಎಂದೆ. ಅವರು ಇನ್ನೊಂದು ರೊಟ್ಟಿ ಹಾಕಿದರು.

ನಿರ್ಣಯ ಸಭೆ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ತೋರಣವನ್ನು ಇನ್ನೂ ಬಿಚ್ಚಿರಲಿಲ್ಲ. ನಿರ್ಣಯಾಧಿಕಾರಿ ನನ್ನ ಮಾತನ್ನು ಪೂರ್ತಿ ಕೇಳಿದರು. ಮೂಗು ಮುರಿಯಲಿಲ್ಲ, ಅವಸರ ಮಾಡಲಿಲ್ಲ. ಡ್ರಮ್ಮಿಗೆ ಹರವಿ ಕೊಟ್ಟದ್ದಕ್ಕೆ ಕಾಗದವಿದೆಯೇ ಎಂದು ಕೇಳಿದರು, ಇರಲಿಲ್ಲ. ಎರಡು ಹರವಿಗಳ ಹೆಬ್ಬೆರಳಿನ ಗುರುತಿನ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

"ಒಂದೇ ಬೆರಳು, ಒಪ್ಪಿದೆ," ಎಂದರು. "ಆದರೆ ಇದು ಕುಂಬಾರನ ಬೆರಳು. ಕುಂಬಾರ ಅರ್ಜಿ ಹಾಕಿಲ್ಲ."

ಆಮೇಲೆ ಯಂಕಮ್ಮನನ್ನು ಕರೆದರು. "ಈ ಹರವಿಗೆ ಬೆಂಕಿ ಕೊಟ್ಟದ್ದು ನಿಜವೇ?"

"ಕೊಟ್ಟೀನ್ರಿ, ನಮ್ಮತ್ತಿ ಸತ್ತಾಗ."

"ಕೊಡಬಾರದು ಎಂದು ತಿಳಿದೂ?"

"ತಿಳಿದೂ ಕೊಟ್ಟೀನ್ರಿ. ನಿಮ್ಮ ಮನ್ಯಾಗ ಯಾರಾರ ಸತ್ರ, ಕಾಗದ ಕೆಡತಾವಂತ ಮಣ್ಣ ಮಾಡದs ಇಡ್ತೀರೇನ್ರಿ ಸಾಹೇಬ್ರ?"

ಅವರು ಕಡತದ ಹಾಳೆ ಮಗುಚಿದರು. ನನ್ನ ಕಡೆ ತಿರುಗಿ, "ಗೆರೆ ನೇರವಾಗಿದೆಯೇ?" ಎಂದರು.

"ಇಲ್ಲ ಸಾರ್. ನಾಲ್ಕು ಕಡೆ ಬಾಗಿದೆ. ಬಾಗಿರುವುದೇ ಸಾಕ್ಷಿ."

"ಬಾಗಿದ ಗೆರೆಯನ್ನು ತಿರಸ್ಕರಿಸಬೇಕು ಎಂದು ನಿಮ್ಮ ಪ್ರಯೋಗಾಲಯದ ಕೈಪಿಡಿಯಲ್ಲೇ ಇದೆ. ಈ ಅಧ್ಯಾಯ ಬರೆದವರು ಯಾರು?"

ಮೊದಲ ಸಾಲಿನಲ್ಲಿ ಕೂತಿದ್ದ ಶೇಷಗಿರಿಯವರು ತಮ್ಮ ಕನ್ನಡಕ ತೆಗೆದು ಒರೆಸತೊಡಗಿದರು. ಒಂದು ವಸ್ತುವಿಗೆ ಐದು ದಿನಾಂಕಗಳನ್ನು ಕಾನೂನು ಒಪ್ಪುವುದಿಲ್ಲ ಎಂದು ಆದೇಶವಾಯಿತು. ಮಣ್ಣು ಹೊನ್ನಗಡ್ಡೆಯದು, ನೇರ ಗೆರೆಯ ಹರವಿ ಅಂಗಡಿಯವರದು, ಆದ್ದರಿಂದ ಗಡ್ಡೆಯ ಮೂಲನಿವಾಸಿಗಳು ಸಂಗನಬಸಪ್ಪ ಅಂಗಡಿ ಮತ್ತು ಅವರ ಕುಟುಂಬ. ಅಂಗಡಿಯವರು ಎದ್ದು ಎಲ್ಲರಿಗೂ ಕೈಮುಗಿದರು. ಯಂಕಮ್ಮನಿಗೂ ಮುಗಿದರು. ಆಕೆ ರೂಢಿಯಿಂದ ತಿರುಗಿ ಕೈಮುಗಿದಳು. ನನಗೆ ಅಲ್ಲಿ ಕೂರಲಾಗಲಿಲ್ಲ.

ಗಡ್ಡೆಯವರನ್ನು ಹೊಳೆಯಿಂದ ಬಹುದೂರ, ಒಂದು ಬೋಳು ಗುಡ್ಡದ ಬುಡಕ್ಕೆ ತಗಡಿನ ಶೆಡ್ಡುಗಳಿಗೆ ಸಾಗಿಸಿದರು. ಲಾರಿಯಲ್ಲಿ ಮೊದಲು ಹರವಿ ಏರಿತಂತೆ. ಆಮೇಲೆ ಮುದುಕರು, ಕಡೆಗೆ ಉಳಿದವರು. ಹರಗೋಲುಗಳನ್ನೂ ತಂದಿದ್ದರು, ಯಾಕೆಂದು ಯಾರೂ ಕೇಳಲಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಸೊಟ್ಟ ಗೆರೆಗಳ ಬಗ್ಗೆ ಒಂದು ಲೇಖನ ಬರೆದೆ, ದೂರದ ಪ್ರಯೋಗಾಲಯಗಳವರಿಗೆ ಕಳಿಸಿದೆ, ವಕೀಲರೊಬ್ಬರ ಬೆನ್ನು ಹತ್ತಿದೆ. ಕೊನೆಗೆ ಮೇಲ್ಮನವಿಯ ಪೀಠ ಒಪ್ಪಿತು. ಬೇರೊಂದು ಪ್ರಯೋಗಾಲಯ ಅದೇ ಹರವಿಯ ಇನ್ನೊಂದು ಚೂರನ್ನು ಅಳೆದು ಅದೇ ಐದು ಬೆಂಕಿಗಳನ್ನು ಕಂಡರೆ ಮರುಪರಿಶೀಲಿಸೋಣ ಎಂದಿತು. ನಾನು ಅಳೆದ ಚೂರು ಈಗ ಉಪಯೋಗಕ್ಕೆ ಬರುವುದಿಲ್ಲ. ಅಳೆಯುವುದೆಂದರೆ ಅಳಿಸುವುದೇ, ಅದರಲ್ಲೀಗ ನನ್ನ ಕುಲುಮೆಯ ನೆನಪಷ್ಟೇ ಇದೆ. ಆದರೆ ಹರವಿ ಇತ್ತು. ತಡಮಾಡದೆ ಬಸ್ಸು ಹತ್ತಿದೆ. ಫೋನಿನಲ್ಲಿ ಹೇಳುವ ಸುದ್ದಿಯಲ್ಲ, ಎದುರಿಗೇ ಹೇಳಬೇಕು ಎಂಬ ಹುಚ್ಚು ಉತ್ಸಾಹ.

ಹೋದಾಗ ಮಧ್ಯಾಹ್ನ. ಶೆಡ್ಡುಗಳ ಹಿಂದಿನ ಬಯಲಲ್ಲಿ ಜನ ಸುಮ್ಮನೆ ನಿಂತಿದ್ದರು. ನಡುವೆ ಗುಂಡಿ, ಗುಂಡಿಯಲ್ಲಿ ಹರವಿ ಅಡ್ಡ ಮಲಗಿತ್ತು. ದ್ಯಾವಣ್ಣ ಕೊಡಲಿಯಿಂದ ತನ್ನ ಹರಗೋಲನ್ನು ಒಡೆಯುತ್ತಿದ್ದ. ಡಾಂಬರು ಬಳಿದ ಬಿದಿರಿನ ಪಟ್ಟಿಗಳನ್ನು ಯಂಕಮ್ಮ ಹರವಿಯ ಹೊಟ್ಟೆಯೊಳಗೆ ತುರುಕುತ್ತಿದ್ದಳು. ಬೇರೆ ಹರಗೋಲುಗಳೂ ಆಗಲೇ ಸೌದೆಯಾಗಿದ್ದವು.

"ಯಂಕಮ್ಮ, ಯಾರು ಹೋದ್ರು?" ಎಂದೆ.

"ಗಡ್ಡಿ ಹೋತಲ್ರಿ," ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಪೀಠ ಒಪ್ಪಿದೆ, ಇನ್ನೊಂದು ಚೂರು ಬೇಕು, ಈ ಬೆಂಕಿ ಕೊಟ್ಟರೆ ಎಲ್ಲ ಹೋಗುತ್ತದೆ, ಹುಲಿಗೆಮ್ಮ, ಮಾವ, ಪ್ಲೇಗಿನ ವರ್ಷ, ಎಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಆಕೆ ಪೂರ್ತಿ ಕೇಳಿದಳು.

"ತುಂಡು ಕೊಟ್ರ ಗಡ್ಡಿ ಕೊಡ್ತಾರೇನ್ರಿ?"

"ಮತ್ತ ನೋಡತಾರ."

"ಕೊಡ್ತಾರೇನ್ರಿ?"

ಅಲ್ಲಿ ಆಗಲೇ ಕುಟೀರಗಳ ಅಡಿಪಾಯ ಬಿದ್ದಿತ್ತು. ಗಂಗಮ್ಮನ ಗುಡಿಯ ಸುತ್ತ ದೀಪ ಹಾಕಿದ್ದನ್ನು ನಾನೇ ದಂಡೆಯಿಂದ ನೋಡಿ ಬಂದಿದ್ದೆ. ಹೌದು ಎಂದರೆ ಸುಳ್ಳಾಗುತ್ತಿತ್ತು.

"ಎಲ್ಲಾರೂ ಹೊರಗ ನಿಂತಾರ್ರಿ," ಎಂದಳು ಯಂಕಮ್ಮ. "ಗಡ್ಡ್ಯಾಗ ಸತ್ತೋರು ಎಲ್ಲಾರೂ. ನಮ್ಮ ಹಿಂದ ಬಂದಾರ, ಇಲ್ಲಿ ಅವರ ಮನಿ ಯಾವುದಂತ ಅವರಿಗೆ ಗೊತ್ತಾಗವಲ್ದು. ಅವರನ್ನ ಕಳಸಬೇಕು. ಮನ್ಯಾಗ ಹುಡುಗರದಾವ, ಕಾಳು ಹಾಕಬೇಕು. ಎಷ್ಟ್ ದಿನಾಂತ ಸೂತಕ ಹೊತಗೊಂಡು ಕೂಡ್ಲಿ?"

ನಾನು ಕೈ ಬಿಟ್ಟೆ.

ಡಾಂಬರಿಗೆ ಬೆಂಕಿ ಹಿಡಿಯುವುದು ತಡವಾಗಲಿಲ್ಲ. ಕುಳ್ಳಿನ ಬೆಂಕಿಯಲ್ಲ ಅದು. ಬಿದಿರು ಸಿಡಿಯಿತು, ಹೊಗೆ ಕಪ್ಪಗೆ ಎದ್ದಿತು, ಹರವಿಯ ಮೈ ಮೊದಲು ಕಪ್ಪಾಗಿ, ಆಮೇಲೆ ಒಳಗಿನಿಂದ ಕೆಂಪಾಗತೊಡಗಿತು. ಬಾಯಿಯ ಅಂಚೂ ಕೆಂಪಾಯಿತು. ಬಣ್ಣ ನೋಡಿ ಕಾವು ಹೇಳುವುದು ನನ್ನ ಕಸುಬು. ಆರುನೂರು ದಾಟಿದ್ದು ನನಗೆ ತಿಳಿಯಿತು. ಪ್ಲೇಗಿನ ವರ್ಷಕ್ಕಿಂತ ದೊಡ್ಡ ಬೆಂಕಿ. ಹುಲಿಗೆಮ್ಮ ಹೋದಳು, ಅವಳ ಗಂಡ ಹೋದ, ಅವಳ ಅತ್ತೆ ಹೋದಳು, ನಾಲ್ಕು ಹೆಣಗಳು ಹೋದವು, ಕಡೆಗೆ ಕುಂಬಾರನೂ ಹೋದ. ಯಾರೂ ಅಳಲಿಲ್ಲ. ಅತ್ತವಳು ನಾನೊಬ್ಬಳೇ.

ಹೊತ್ತು ಇಳಿಯುವಾಗ ಹರವಿ ಆರುತ್ತಾ ಬಂತು. ಕಣಗಳು ಒಂದೊಂದಾಗಿ ಈ ಬೋಳು ಗುಡ್ಡದ ಬುಡದ, ಈ ದಿನದ, ಈ ಬಡಕಲು ಬಲವನ್ನು ಹಿಡಿದುಕೊಂಡು ಗಟ್ಟಿಯಾಗುತ್ತಿದ್ದವು. ಹಾಳು ಅಭ್ಯಾಸ, ಚೀಲದಲ್ಲಿದ್ದ ಮಾಪಕ ತೆಗೆದು ಬಲ ನೋಡಿದೆ. ಯಂಕಮ್ಮ ಬಂದು ಪಕ್ಕದಲ್ಲಿ ಕೂತಳು.

"ಈಗ ಅಳದ್ರ ಗೆರಿ ಹ್ಯಾಂಗ ಬರ್ತೈತ್ರಿ?"

"ನೇರ ಬರತದ."

"ಎಲ್ಲೂ ಬಾಗೋದಿಲ್ಲ?"

"ಎಲ್ಲೂ ಬಾಗೂದಿಲ್ಲ. ಇವತ್ತಿನ ತಾರೀಕು ತೋರಿಸತದ. ಇವತ್ತs ಹುಟ್ಟೀರಿ ಅಂತ ಹೇಳತದ."

"ಹಂಗಾರ ಪಾಸಾತು ಬಿಡ್ರಿ," ಎಂದಳು. ಹರವಿ ಮುಟ್ಟುವಷ್ಟು ಆರಿದ ಮೇಲೆ ಎದ್ದು, ಸೆರಗಿನಿಂದ ಅದರ ಬೂದಿ ಒರೆಸಿ, ದ್ಯಾವಣ್ಣನ ಕೈ ಕೂಡಿಸಿಕೊಂಡು ನೆಟ್ಟಗೆ ನಿಲ್ಲಿಸಿ, ನೀಲಿ ಡ್ರಮ್ಮಿನಲ್ಲಿದ್ದ ರೇಶನ್ ಜೋಳವನ್ನು ಅದಕ್ಕೆ ಸುರಿಯತೊಡಗಿದಳು.